ಬೋದಿಲ್ ಬರೆದದ್ದು, ಅತ್ತೆ ಕೇಳಿದ್ದು

ನಮ್ಮ ಬೋರ್ನ್‌ಹೋಮ್ ದ್ವೀಪದಲ್ಲಿ, ಮೀನಿಗೆ ಹೊಗೆ ಹಾಕಿ ಒಣಗಿಸುವ ಹೊಗೆಮನೆಯಲ್ಲಿ ಬೋದಿಲ್ ಮತ್ತು ನಾನು ಅಕ್ಕಪಕ್ಕ ನಿಂತು ಹೆರಿಂಗ್ ಮೀನು ಸೀಳಿ ಕಂಬಿಗೆ ಪೋಣಿಸುತ್ತಿದ್ದೆವು. ಬಿಡುವಾದಾಗ ಅವಳು ಮೀನು ಸುತ್ತುವ ಕಾಗದದ ಮೇಲೆ ಏನೋ ಗೀಚುತ್ತಿದ್ದಳು; ನಾವೆಲ್ಲ ನಗುತ್ತಿದ್ದೆವು. ಆರು ವರ್ಷದ ಆ ಗೀಚಾಟ 1911ರಲ್ಲಿ ಕಾದಂಬರಿಯಾಗಿ ಕೋಪನ್‌ಹೇಗನ್ನಿನಿಂದ ಅಚ್ಚಾಗಿ ಬಂದಾಗ ನಮ್ಮ ನಗು ನಿಂತಿತು.

ಅದರಲ್ಲೊಬ್ಬ ಹೆಂಗಸು. ಗಂಡ ಸಮುದ್ರಪಾಲಾದನೆಂದು ಹೇಳಿಕೊಂಡು ವಿಧವೆಯ ಕಪ್ಪು ಉಟ್ಟವಳು. ಅವನೋ, ಬೇರೊಬ್ಬಳ ಜೊತೆ ಸ್ವೀಡನ್ನಿಗೆ ಓಡಿಹೋಗಿದ್ದ. ಓದುತ್ತಲೇ ನನಗೆ ಗುರುತು ಸಿಕ್ಕಿತು. ಅದು ಬೋದಿಲಳ ಅತ್ತೆ ಸಿಡ್ಸೆಯ ಕತೆ. ಮೂವತ್ತು ವರ್ಷದಿಂದ ಊರಿಗೆಲ್ಲ ಗೊತ್ತಿದ್ದೂ ಯಾರೂ ಬಾಯಿಬಿಡದ ಕತೆ.

"ಏನ್ ಮಾಡ್ಕೊಂಡೆ ಮಾರಾಯ್ತಿ!" ಎಂದೆ.

"ಹೆಸರು ಬದಲಾಯಿಸಿದೀನಲ್ಲ," ಎಂದಳು ಬೋದಿಲ್. "ಅತ್ತೆಗೆ ಕಣ್ಣು ಮಂಜು. ಓದೋಕಾಗಲ್ಲ ಬಿಡು."

ಆ ಭಾನುವಾರ ನಾನು ಅವರ ಮನೆಗೆ ಕಾಫಿಗೆ ಹೋಗಿದ್ದೆ. ಸಿಡ್ಸೆ ಪುಸ್ತಕವನ್ನು ಸೊಸೆಯ ಮುಂದೆ ತಳ್ಳಿ, "ಓದು, ಕೇಳ್ತೀನಿ," ಎಂದಳು. ಬೋದಿಲ್ ಓದತೊಡಗಿದಳು. ಆ ಹೆಂಗಸಿನ ಭಾಗ ಬಂದಾಗ ನಾಲ್ಕಾರು ಹಾಳೆಗಳನ್ನು ಒಟ್ಟಿಗೆ ಮಗುಚಿದಳು.

"ಹಾಳೆ ಹಾರಿಸಿದೆ," ಎಂದಳು ಮುದುಕಿ. "ಕಣ್ಣು ಹೋಗಿರ್ಬೋದು, ಕಿವಿ ಇದೆ ಕಣೇ. ಪಾದ್ರಿ ಹೆಂಡ್ತಿ ನಿನ್ನೆನೇ ಓದಿ ಹೇಳಿದಾಳೆ. ನಿನ್ ಬಾಯಲ್ಲಿ ಕೇಳ್ಬೇಕು."

ಬೋದಿಲ್ ಹಾಳೆ ಹಿಂದಕ್ಕೆ ಮಗುಚಿ ಓದಿ ಮುಗಿಸಿದಳು. ನಾನು ಕಾಫಿ ಬಟ್ಟಲಿನಿಂದ ತಲೆ ಎತ್ತಲಿಲ್ಲ.

"ನಿನ್ ಕತೆಯ ಹೆಂಗಸು ಕಿಟಕೀಲಿ ಕೂತು ಅಳ್ತಾಳೆ," ಎಂದಳು ಸಿಡ್ಸೆ. "ನಾನೆಲ್ಲಿ ಅತ್ತಿದ್ದೆ? ಅವನ ಬೂಟು ತಗೊಂಡೋಗಿ ಸಮುದ್ರಕ್ಕೆ ಎಸೆದೆ. ಅಲೆ ವಾಪಸ್ ತಂದು ಹಾಕ್ತು. ಮೂರು ಸಲ!" ಹೇಳುತ್ತ ಹೇಳುತ್ತ ಅವಳಿಗೇ ನಗು ಉಕ್ಕಿತು. "ಸಮುದ್ರದಲ್ಲಿ ಮುಳುಗಿ ಸತ್ತೋರ ಹೆಸರು ಚರ್ಚಲ್ಲಿ ಓದುವಾಗ ಅವನದ್ದೂ ಓದೋರು. ನಾನು ತಲೆ ತಗ್ಗಿಸಿ ಕೂರ್ಬೇಕಿತ್ತು. ಸಾಕಾಗೋಗಿತ್ತು ಕಣೇ ಆ ಸುಳ್ಳು! ನಿನ್ ಪುಸ್ತಕಾನೇ ಹೇಳ್ಬಿಡ್ತು, ಇನ್ನು ನಾನಾಗಿ ಯಾರಿಗೂ ಹೇಳೋದೂ ಬೇಡ."

ಬೋದಿಲ್ ಅವಳ ಮಡಿಲಲ್ಲಿ ಮುಖವಿಟ್ಟು ಅತ್ತಳೋ ನಕ್ಕಳೋ, ನನಗೆ ತಿಳಿಯಲಿಲ್ಲ.

ಮುಂದೆ ಬೋದಿಲ್ ಎಂಟು ಕಾದಂಬರಿ ಬರೆದಳು. ರಾಜಧಾನಿಯ ಪತ್ರಿಕೆಯೊಂದು ಅವಳ ಬರಹಕ್ಕೆ ಮೀನಿನ ವಾಸನೆ ಎಂದು ಹಂಗಿಸಿತು. ಇವಳು ಅದನ್ನು ಕತ್ತರಿಸಿ ಹೊಗೆಮನೆಯ ಬಾಗಿಲಿಗೆ ಅಂಟಿಸಿದಳು. ಬರೆದದ್ದನ್ನು ಮೊದಲು ಕೇಳುತ್ತಿದ್ದವಳು ಸಿಡ್ಸೆಯೇ. "ಇಲ್ಲಿ ಸುಳ್ಳು ಬರೆದಿದೀಯ" ಎಂದರೆ ಆ ಪುಟ ಹರಿದಂತೆಯೇ.

ಒಮ್ಮೆ ಪ್ರಕಾಶಕರು ಇನ್ನೊಬ್ಬ ಹೆಂಗಸಿನ ಕತೆ ಕೇಳಿದರು. ಯಾರದ್ದು ಬರೆಯಲಿ ಎಂದು ಬೋದಿಲ್ ಕೇಳಿದಾಗ ಸಿಡ್ಸೆ ನನ್ನತ್ತ ಬೆರಳು ತೋರಿಸಿ, "ಡಾಗ್ನಿದು ಬರಿ. ಇವಳೇನು ಕಮ್ಮಿನಾ?" ಎಂದಳು.

ಮುಚ್ಚಿಟ್ಟ ಕತೆ ನನಗೂ ಒಂದಿತ್ತು; ನಾನು ಒಪ್ಪಿದೆ.