ಕಡಲೆ ತೀರ ಎರಡು ಕಿ.ಮೀ.

ನಲವತ್ತು ವರ್ಷ ಬೋರ್ಡು ಬರೆದರೂ ದೌಲಪ್ಪನ ಕೈಯಿಂದ ಒಂದು ದೀರ್ಘ, ಒಂದು ಒತ್ತು ತಪ್ಪಿದ್ದಿಲ್ಲ. ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಯಲ್ಲಿ ಕಾಗುಣಿತದ ಜಗಳ ಬಿದ್ದರೆ "ದೌಲಪ್ಪ ಹೆಂಗ ಬರದಾನ ನೋಡ್ರಿ" ಅಂದರೆ ಮುಗಿಯಿತು, ಅದರ ಮೇಲೆ ಅಪೀಲಿಲ್ಲ. ಈಗ ಎಲ್ಲರೂ ಫ್ಲೆಕ್ಸ್ ಹಾಕಿಸುತ್ತಾರೆ. ಫ್ಲೆಕ್ಸಿನಲ್ಲಿ 'ಶುಭಾಶಯ' ಹೋಗಿ 'ಶುಭಾಷಯ' ಆದರೂ ಯಾರಿಗೂ ನಾಚಿಕೆಯಿಲ್ಲ. ದೌಲಪ್ಪನಿಗೆ ಕೆಲಸ ಕಡಿಮೆಯಾಗಿತ್ತು, ಉಳಿದದ್ದು ಕೈಯ ಹೆಸರೊಂದೇ. ಅದೊಂದು ಇರುವವರೆಗೆ ತಾನೂ ಇದ್ದೇನೆ ಎಂದು ಅವನ ನಂಬಿಕೆ.

ಖೂಬಾ ಪ್ಲಾಟಿನ ವಿವೇಕಾನಂದ ಗುತ್ತಿಗೆದಾರ. ಪ್ರವಾಸಿಗರು ಮುಗಿಬೀಳುವ ಕರಾವಳಿಯ ಕಡೆ ಹೋಗಿ ರಸ್ತೆ ಅಗಲ ಮಾಡುವ ಕೆಲಸ ಹಿಡಿದಿದ್ದ. ದೌಲಪ್ಪ ಜಗತ್ ಸರ್ಕಲ್ ಹತ್ತಿರ ಏಣಿಯ ಮೇಲಿದ್ದಾಗ ಅವನ ಫೋನು ಬಂತು.

"ದೌಲಪ್ಪ ಕಾಕಾ, ಕಡಲ ತೀರ ಅಂತ ಹದಿನಾಲ್ಕು ಬೋರ್ಡ್ ಬೇಕ್ರಿ. ಕಿಲೋಮೀಟರ್ ವಾಟ್ಸಾಪಿಗೆ ಹಾಕ್ತೀನಿ. ಇಲ್ಲಿ ಟೂರಿಸ್ಟ್ ಮಂದಿಗೆ ಕೈಬರಹಾನೇ ಛಲೋ ಕಾಣ್ತದಂತ."

ಕೆಳಗೆ ಆಟೋಗಳು ಕಿವಿ ಕಿತ್ತುಹೋಗುವಂತೆ ಹಾರ್ನ್ ಹೊಡೆಯುತ್ತಿದ್ದವು. ನಮ್ಮ ಕಡೆ ಸಮುದ್ರಕ್ಕೆ ಸಮುದ್ರ ಎಂದೇ ಹೆಸರು. ಕಡಲು ಎಂದು ಯಾರೂ ಕನಸಿನಲ್ಲೂ ಅನ್ನುವುದಿಲ್ಲ. ಕಡ್ಲಿ ಮಾತ್ರ ಬೆಳಗಿನಿಂದ ಸಂಜೆಯವರೆಗೆ ಬಾಯಲ್ಲಿರುತ್ತದೆ. ಆಡುವಾಗ ಕಡ್ಲಿ, ಬರೆಯುವಾಗ ಕಡಲೆ. ದಾಲ್ ಮಿಲ್ಲುಗಳ ಗೋಡೆಯ ಮೇಲೆ ಸಾವಿರ ಸಲ ಬರೆದ ಶಬ್ದ ಅದು. ಗುತ್ತಿಗೆದಾರನ 'ಕಡಲ' ಎಂಬ ಮಾತನ್ನು ದೌಲಪ್ಪ ಮನಸ್ಸಿನಲ್ಲೇ 'ಕಡಲೆ' ಎಂದು ತಿದ್ದಿಕೊಂಡ.

"ಕಡ್ಲಿಗೆ ತೀರ ಯಾಕ್ರಿ?" ಎಂದು ಸಂಜೆ ಮನೆಯಲ್ಲಿ ಹೆಂಡತಿ ಶಂಕ್ರಮ್ಮ ಕೇಳಿದಳು.

"ಹೊರದೇಶದ ಕಡ್ಲಿ ಹಡಗಿನ್ಯಾಗ ಬರ್ತದಂತ ಗಂಜಿನವರು ದಿನಾ ಬಾಯಿ ಬಡ್ಕೋತಾರಲ್ಲ? ಅದನ್ನ ಇಳಿಸೋ ದಂಡಿ ಇರಬೇಕು."

"ಕಡ್ಲಿ ನೋಡಾಕ ಟೂರಿಸ್ಟ್ ಬರ್ತಾರ?"

"ರೊಕ್ಕ ಇದ್ದೋರು ಏನು ಬೇಕಾದ್ರೂ ನೋಡ್ತಾರ. ನೀ ಚಹಾ ಇಡು."

ದೊಡ್ಡ ಬೋರ್ಡು ಬರೆಯಲು ದೌಲಪ್ಪನಿಗೆ ಕಮಲಾಪುರದಲ್ಲಿ ಹೆದ್ದಾರಿಗೆ ಹತ್ತಿದಂತೆ ಒಂದು ತಗಡಿನ ಶೆಡ್ಡಿತ್ತು. ಹಳದಿ ಹಲಗೆಯ ಮೇಲೆ ಕಪ್ಪು ಅಕ್ಷರ, ಕೆಂಪು ಬಾಣ. ಬರೆದು ಮುಗಿಸಿದ ಮೇಲೆ ಹದಿನಾಲ್ಕನ್ನೂ ರಸ್ತೆಯ ಬದಿಯ ಬೇವಿನ ಗಿಡಗಳಿಗೆ ಒಣಗಲು ಒರಗಿಸಿದ. ಟೆಂಪೊದ ಹುಸೇನ ಬಂದು ಒಯ್ಯುವುದಕ್ಕೆ ಇನ್ನೂ ಮೂರು ದಿನವಿತ್ತು. ಬಾಣಗಳೆಲ್ಲ ಪಕ್ಕದ ಕಚ್ಚಾ ದಾರಿಯ ಕಡೆ ತೋರಿಸುತ್ತಿದ್ದವು. ಆ ದಾರಿ ಹೋಗಿ ಮುಟ್ಟುವುದು ಒಂದು ಕೆಂಪು ಬಾಳೆಯ ತೋಟಕ್ಕೆ, ಅದರಾಚೆ ಏನೂ ಇಲ್ಲ.

ಅದು ಕಡಲೆಯ ರಾಶಿಯ ಕಾಲ. ಮರುದಿನ ಬೆಳಗ್ಗೆ ಬಂದೇನವಾಜ್ ಎಂಬ ರೈತ ಟ್ರ್ಯಾಕ್ಟರ್ ತುಂಬ ಚೀಲ ಹೇರಿಕೊಂಡು ಬಂದವನು ಬೋರ್ಡು ಓದಿ ಗಕ್ಕನೆ ನಿಲ್ಲಿಸಿದ. ಕಡಲೆ ಖರೀದಿಯ ಹೊಸ ಸೆಂಟರು! 'ತೀರ' ಎಂಬುದು ಅವನಿಗೆ ಅಡ್ಡಿಯಾಗಲಿಲ್ಲ, ಸರ್ಕಾರ ಯಾವ ಯೋಜನೆಗೆ ಯಾವ ಹೆಸರು ಇಟ್ಟಿಲ್ಲ? ಒಂದೇ ಗಿಡಕ್ಕೆ ಎರಡು ಕಿ.ಮೀ.ನ ಬೋರ್ಡೂ ಒಂಬತ್ತು ಕಿ.ಮೀ.ನ ಬೋರ್ಡೂ ಒರಗಿದ್ದವು. ಅದೂ ಸರ್ಕಾರಿ ಕೆಲಸದ ಲಕ್ಷಣವೇ ಎಂದುಕೊಂಡ. ಅಲ್ಲದೆ ಅಕ್ಷರ ದೌಲಪ್ಪನದು. ಗಾಡಿ ತಿರುಗಿಸಿ ಬಾಳೆ ತೋಟದ ಮುಂದೆ ಮೊದಲ ಪಾಳಿ ಹಿಡಿದ.

ಕಲಬುರಗಿಗೆ ಹೋಗಿದ್ದ ದೌಲಪ್ಪ ಮೂರನೆಯ ದಿನ ಬಂದಾಗ ಹತ್ತೊಂಬತ್ತು ಟ್ರ್ಯಾಕ್ಟರ್ ಸಾಲಾಗಿ ನಿಂತಿದ್ದವು. ಯಾರೋ ನಂಬರಿನ ಚೀಟಿ ಹಂಚಿದ್ದರು. ತೋಟದವನು ಪಾಳಿಯಲ್ಲಿದ್ದವರಿಗೆ ಬಾಳೆಹಣ್ಣು ಮಾರಿ ಮಾರಿ ಗೊನೆ ಮುಗಿಸಿದ್ದ. ಗಾಡಿಗಳು ತಗ್ಗಿನಲ್ಲಿ ಸಿಕ್ಕಿಬೀಳುತ್ತಿವೆ ಎಂದು ಊರಿನ ಮುಖಂಡನೊಬ್ಬ ಎರಡು ಟಿಪ್ಪರ್ ಗರಸು ಮಣ್ಣು ಸುರಿಸಿ ಹಾರ ಹಾಕಿಸಿಕೊಂಡು ಹೋಗಿದ್ದ. ಹನ್ನೆರಡು ವರ್ಷ ಅರ್ಜಿ ಕೊಟ್ಟರೂ ಆಗದ ದಾರಿ ಎರಡೇ ದಿನದಲ್ಲಿ ಸುಧಾರಿಸಿತ್ತು.

ಶೆಡ್ಡಿನ ಮುಂದೆ ಊರಿನ ಶಾಲೆಯ ಕನ್ನಡದ ಟೀಚರ್ ಪಂಚಶೀಲಾ ಕಾಯುತ್ತಿದ್ದಳು.

"ಕಾಕಾ, ಇವು ಎಲ್ಲಿಗೆ ಹೋಗೋ ಬೋರ್ಡ್?"

"ಸಮುದ್ರದ ಕಡಿಗವ್ವಾ."

"ಹಂಗಾರ ಅದು ಕಡಲ ತೀರ ಇರಬೇಕು. ಕಡಲು ಅಂದ್ರ ಸಮುದ್ರ."

ದೌಲಪ್ಪ ಹದಿನಾಲ್ಕೂ ಬೋರ್ಡನ್ನು ಒಮ್ಮೆ ತಿರುಗಿ ನೋಡಿದ. ಬಣ್ಣದ ಡಬ್ಬಿಯ ಮೇಲೇ ಕುಸಿದು ಕೂತ. ಸರಿಪಡಿಸುವುದೇನೂ ಕಷ್ಟವಿರಲಿಲ್ಲ, ಲೆಯ ಎತ್ವ ಒರೆಸಿ ತಲಕಟ್ಟು ಕೊಟ್ಟರೆ ಕಡಲೆ ಕಡಲಾಗುತ್ತದೆ. ಹುಸೇನ ಟೆಂಪೊ ತಂದು ನಿಲ್ಲಿಸಿಯೂ ಇದ್ದ. ಸುಮ್ಮನೆ ಅಳಿಸಿ ಹೇರಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ದೌಲಪ್ಪ ಕುಂಚ ಎತ್ತಿದ. ರೈತರು ಓಡಿ ಬಂದು ಅವನ ಕೈ ಹಿಡಿದರು.

"ಬೋರ್ಡ್ ಮುಟ್ಟಬ್ಯಾಡ! ಬೋರ್ಡ್ ಹೋದ್ರ ಸೆಂಟರೂ ಹೋತು!"

ಎರಡು ರಾತ್ರಿ ಚೀಲದ ಮೇಲೇ ಮಲಗಿದ್ದ ಮುಖಗಳನ್ನು ನೋಡಿ ದೌಲಪ್ಪನಿಗೆ ತಡೆಯಲಾಗಲಿಲ್ಲ. ಹೆಸರು ಹಾಳಾದರೆ ಆಗಲಿ ಎಂದು ಬಾಯಿಬಿಟ್ಟ. "ಇಲ್ಲಿ ಸೆಂಟರ್ ಇಲ್ರಪ್ಪೋ. ತಪ್ಪು ನಂದು. ನಾನೇ ತಪ್ಪು ಬರದೀನಿ."

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

"ದೌಲಪ್ಪ ಭಾಯ್, ನೀ ತಪ್ಪು ಬರೀತಿ?" ಎಂದ ಬಂದೇನವಾಜ್. "ಈ ಝೂಟಾ ಮಾತು ನಿನಗ ಯಾರು ಕಲಿಸ್ಯಾರ ಹೇಳು. ಸೆಂಟರ್ ಮುಚ್ಚಾಕ ಹೊಂಟಾರ, ನಿನ್ನ ಮುಂದ ಮಾಡ್ಯಾರ!"

ಪಂಚಶೀಲಾ ಕಡಲು, ಕಡಲೆ ಎಂದು ಬಿಡಿಸಿ ಹೇಳಿದಳು. ನಿನ್ನೆ ಮೊನ್ನೆ ಬಂದ ಟೀಚರ್ ದೌಲಪ್ಪನನ್ನು ತಿದ್ದುವಷ್ಟು ದೊಡ್ಡವಳಾದಳೇ ಎಂದು ಅವಳ ಮೇಲೇ ಹರಿಹಾಯ್ದರು. ನಲವತ್ತು ವರ್ಷ ಜೋಪಾನ ಮಾಡಿದ ಹೆಸರೇ ಅವನ ಕುತ್ತಿಗೆಗೆ ಬಂದಿತ್ತು.

"ನೀ ತಪ್ಪು ಬರಿಯಾಂವ ಖರೇ ಇದ್ರ," ಎಂದ ಬಂದೇನವಾಜ್, "ನಮ್ಮ ಮುಂದ ಒಂದು ಬರದು ತೋರಿಸು. ಹೋಗಿಬಿಡ್ತೀವಿ."

ದೌಲಪ್ಪ ಶೆಡ್ಡಿನ ತಗಡಿನ ಬಾಗಿಲಿಗೆ ಹೋಗಿ ತನ್ನ ಹೆಸರನ್ನೇ ತಪ್ಪು ಬರೆಯಲು ಹೊರಟ. ಮನಸ್ಸು ಬೇಡವೆಂದರೂ ಕೈ ಕೇಳಲಿಲ್ಲ, ಪಕಾರದ ಕೆಳಗೆ ತಾನಾಗಿಯೇ ಒತ್ತು ಕೊಟ್ಟುಬಿಟ್ಟಿತು. ಮುತ್ತಿನಂಥ 'ದೌಲಪ್ಪ'. ಜನ ಚಪ್ಪಾಳೆ ಹೊಡೆದರು. ಅದರ ಕೆಳಗೆ ಮತ್ತೆ ಶುರುಮಾಡಿದ. ಈ ಸಲ ಎಡಗೈಯಿಂದ ಬಲಗೈಯ ಮಣಿಕಟ್ಟು ಬಿಗಿಯಾಗಿ ಹಿಡಿದುಕೊಂಡು 'ದೌಲಪ' ಎಂದು ಬರೆದು, ಮುಂದೆ ಹೊರಟ ಕುಂಚವನ್ನು ಜಗ್ಗಿ ಎಳೆದುಕೊಂಡ. ಕಣ್ಣಲ್ಲಿ ನೀರು ತುಂಬಿತ್ತು.

ಈಗ ಯಾರೂ ಚಪ್ಪಾಳೆ ಹೊಡೆಯಲಿಲ್ಲ.

"ಒತ್ತು ಬಿಟ್ಟೀಯಲ್ಲೋ," ಎಂದ ಬಂದೇನವಾಜ್ ಮೆಲ್ಲಗೆ. "ನಿನ್ನ ಹೆಸರಿನ್ಯಾಗ."

"ಹೂಂ, ಬಿಟ್ಟೀನಿ. ಇನ್ನ ಮನಿಗೆ ಹೋಗ್ರಿ."

ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಹೊಸ ಗರಸಿನ ಮೇಲೆ ಹಾದು ಹೆದ್ದಾರಿಗೆ ಇಳಿದವು. ದೌಲಪ್ಪ ಹದಿನಾಲ್ಕೂ ಬೋರ್ಡು ತಿದ್ದಿ ಟೆಂಪೊಗೆ ಹೇರಿಸಿದ. ಅವು ಕರಾವಳಿಗೆ ಹೋಗಿ ನಿಂತವು, ಅಕ್ಷರ ಚಂದವಿದೆ ಎಂದು ವಿವೇಕಾನಂದನ ಫೋನೂ ಬಂತು.

ವಾರದ ನಂತರ ಬಂದೇನವಾಜ್ ಶೆಡ್ಡಿಗೆ ಬಂದ. ಟ್ರೇಲರಿನ ಹಿಂದೆ 'ತಾಯಿಯ ಆಶೀರ್ವಾದ' ಎಂದು ಬರೆಸಬೇಕಿತ್ತು. ದೌಲಪ್ಪ ಬರೆದು ಮುಗಿಸಿ ಬದಿಗೆ ಸರಿದ. ಬಂದೇನವಾಜ್ ಬಗ್ಗಿ, ಹಸಿ ಬಣ್ಣಕ್ಕೆ ತಾಗದಂತೆ ಬೆರಳು ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ಓದಿದ. ಒತ್ತಿನ ಹತ್ತಿರ ಬಂದಾಗ ನಿಂತು ಎರಡು ಸಲ ನೋಡಿದ. ಅವನು ಓದಿ ಮುಗಿಸುವವರೆಗೆ ದೌಲಪ್ಪ ಕುಂಚ ಹಿಡಿದುಕೊಂಡು ಕಾದ.