ಆಟದ ಕೋವಿಯ ವೈರು

ಸಾಗರದ ಬಸ್‌ಸ್ಟ್ಯಾಂಡಿನ ಹಿಂದೆ ನಮ್ಮದೊಂದು ರೇಡಿಯೋ ರಿಪೇರಿ ಅಂಗಡಿ. ನಮ್ಮವರು, ಅವರ ಅಣ್ಣ ಅಂದರೆ ನನ್ನ ಭಾವ, ಇಬ್ಬರೂ ಸೇರಿ ನಡೆಸುತ್ತಿದ್ದದ್ದು. ಎಂಬತ್ತರ ದಶಕದಲ್ಲಿ ಊರಿಗೆ ಟಿ.ವಿ. ಬಂದ ಹೊಸತರಲ್ಲಿ ನಮ್ಮವರು ಬೊಂಬಾಯಿಯಿಂದ ಒಂದು ವಿಡಿಯೋ ಗೇಮ್ ಪೆಟ್ಟಿಗೆ ತರಿಸಿದರು. ಪರದೆ ಮೇಲೆ ಎರಡು ಬಿಳಿ ಪಟ್ಟಿ, ನಡುವೆ ಓಡಾಡೋ ಚುಕ್ಕೆ. ಕೈಯಲ್ಲಿನ ಗುಂಡಿ ತಿರುಗಿಸಿ ಚುಕ್ಕೆಗೆ ಪಟ್ಟಿ ಅಡ್ಡ ತರಬೇಕು, ಅಷ್ಟೇ ಆಟ. ಅದಕ್ಕೇ ಜನ ಮುಗಿಬಿದ್ದರು. ಗುಂಡಿ ತಿರುಗಿಸುವವರು ಮೈಯನ್ನೂ ತಿರುಗಿಸೋರು, ಬೆಂಚೇ ವಾಲುತ್ತಿತ್ತು.

ತನ್ನನ್ನು ಒಂದು ಮಾತು ಕೇಳದೆ ತರಿಸಿದ್ದಕ್ಕೆ ಭಾವನಿಗೆ ಸಿಟ್ಟು. ಮಾತಿಗೆ ಮಾತು ಬೆಳೆದು ಅಂಗಡಿಯ ನಡುವೆ ಅಡ್ಡಗೋಡೆಯಾಗಿ ಹಲಗೆ ಬಿತ್ತು. ಹಲಗೆಯ ಆಚೆ ಭಾವ ಇನ್ನೊಂದು ಕಂಪನಿಯ ಪೆಟ್ಟಿಗೆ ತಂದಿಟ್ಟರು. ಅದಕ್ಕೊಂದು ಪ್ಲಾಸ್ಟಿಕ್ ಕೋವಿ. ಪರದೆಯಲ್ಲಿ ಓಡುವ ಬಿಳಿ ಚೌಕಕ್ಕೆ ಗುರಿ ಹಿಡಿದು ಹೊಡೆದರೆ ಅಂಕ. ನಮ್ಮ ಬೆಂಚು ವಾರದೊಳಗೆ ಖಾಲಿ. ಆ ಕಂಪನಿಗಳೂ ಎಲ್ಲೋ ದೂರದೇಶದಲ್ಲಿ ಹೀಗೇ ಪೈಪೋಟಿ ಮಾಡುತ್ತಿದ್ದವಂತೆ, ಒಬ್ಬರು ಗುಂಡಿ ಕೊಟ್ಟರೆ ಇನ್ನೊಬ್ಬರು ಕೋವಿ ಕೊಡುವುದು. ಮಾಡಿಕೊಳ್ಳಲಿ, ಅವರಿಗೆ ಬೇರೆ ಕೆಲಸ ಏನು. ಇಲ್ಲಿ ಒಂದೇ ಒಲೆಯ ಮುಂದೆ ಇಬ್ಬರಿಗೂ ಬೇಯಿಸುವವಳು ನಾನು.

ಅಣ್ಣತಮ್ಮಂದಿರು ಮಾತು ಬಿಟ್ಟರು. ನಮ್ಮ ಮನೆಯ ಪದ್ಧತಿಯಲ್ಲಿ ತಮ್ಮನ ಹೆಂಡತಿ ಭಾವನ ಎದುರು ನಿಂತು ಮಾತಾಡುವ ಹಾಗಿಲ್ಲ. ಹಾಗಾಗಿ ಭಾವ ಹೇಳಬೇಕಾದ್ದನ್ನು ಅಕ್ಕನಿಗೆ, ಅಂದರೆ ನನ್ನ ವಾರಗಿತ್ತಿಗೆ ಹೇಳಬೇಕು. ಅಕ್ಕ ನನಗೆ, ನಾನು ನಮ್ಮವರಿಗೆ. ಉತ್ತರ ಬಂದ ದಾರಿಯಲ್ಲೇ ವಾಪಸು. ಕರೆಂಟು ಬಿಲ್ಲು ಯಾರು ಕಟ್ಟಬೇಕು ಅನ್ನೋದಕ್ಕೂ ಇದೇ ಮೆರವಣಿಗೆ. ನನಗೂ ಅಕ್ಕನಿಗೂ ನಮ್ಮದೇ ಆದ ಮಾತು ಒಂದೂ ಉಳಿಯಲಿಲ್ಲ. ಸಾಕಪ್ಪಾ ಸಾಕು ಅನ್ನಿಸುತ್ತಿತ್ತು.

ಒಂದು ಸಂತೆ ದಿನ, ಗದ್ದೆಗೆ ಬರುವ ಹಂದಿ ಹೊಡೆದು ಪಳಗಿದ ಯಜಮಾನರೊಬ್ಬರು ಹೊಸನಗರದ ಕಡೆಯಿಂದ ಭಾವನ ಅಂಗಡಿಗೆ ಬಂದರು. ನಾನು ಊಟದ ಬುತ್ತಿ ಹಿಡಿದು ಬಾಗಿಲಲ್ಲೇ ಇದ್ದೆ. ಉಸಿರು ಕಟ್ಟಿ ಗುರಿ ಹಿಡಿದರು, ಹೊಡೆದರು, ಹೊಡೆದದ್ದೇ ಪಕ್ಕಕ್ಕೆ ನೆಗೆದು ಕಂಬದ ಹಿಂದೆ ನಿಂತರು. ಪೆಟ್ಟು ತಿಂದ ಹಂದಿ ಹೊಗೆ ಎದ್ದ ಕಡೆಗೇ ನುಗ್ಗುತ್ತದಂತೆ. ಈಡು ಹೊಡೆದ ಜಾಗದಲ್ಲಿ ನಿಂತವನು ಉಳಿಯುವುದಿಲ್ಲ ಅಂತ ಅವರ ಕಾಲಿಗೆ ಗೊತ್ತು, ಟಿ.ವಿ.ಯಿಂದ ಹಂದಿ ಬರುವುದಿಲ್ಲ ಅಂತ ಗೊತ್ತಿಲ್ಲ. ಕೋವಿಯಿಂದ ಪೆಟ್ಟಿಗೆಗೆ ಹೋಗುವ ವೈರು ಮೊಳದುದ್ದ ಇತ್ತೋ ಇಲ್ಲವೋ, ಕಿತ್ತು ಬಂತು. "ಎಂಥ ಮಾರಾಯ್ರೆ, ನಾಯಿ ಕಟ್ಟಿದ ಹಾಗೆ ಕಟ್ಟಿದ್ದೀರಲ್ಲ ಕೋವಿನ" ಅಂದು ಅವರೇ ಬೇಜಾರು ಮಾಡಿಕೊಂಡರು.

ಮೊದಲಿಂದಲೂ ಅಂಗಡಿಯ ಲೆಕ್ಕ ಭಾವನದು, ರಿಪೇರಿ ನಮ್ಮವರದು; ಊರಲ್ಲಿ ಅದನ್ನು ಸರಿಮಾಡಬಲ್ಲವರು ಅವರೊಬ್ಬರೇ. ಭಾವನ ಅಂಗಡಿ ಬಾಗಿಲು ಹಾಕಿತು. ಅಕ್ಕ ಬಾವಿಕಟ್ಟೆಯಲ್ಲಿ ಕೋವಿಯನ್ನು ನನ್ನ ಕೈಗಿಟ್ಟು, "ಮಾಡಿಕೊಟ್ರೆ ಮಾಡಿಕೊಡ್ಲಿ, ಇಲ್ದಿದ್ರೆ ಇಲ್ಲ ಅಂದಿದ್ದಾರೆ" ಅಂದರು. ನಾನು ನಮ್ಮವರ ಮೇಜಿನ ಮೇಲಿಟ್ಟೆ. ಅವರು ಅದನ್ನು ಪಕ್ಕಕ್ಕೆ ಸರಿಸಿದರು. ಅವರ ಬೆಂಚಿನ ಮೇಲೆ ಆಗಲೇ ಜನ ಮತ್ತೆ ಕೂರತೊಡಗಿದ್ದರು.

ಆಮೇಲೆ ಬಿಚ್ಚಿ ನೋಡಿದರು. "ಇದಕ್ಕೆ ಗುರಿಯೂ ಗೊತ್ತಿಲ್ಲ, ಎಂಥದೂ ಗೊತ್ತಿಲ್ಲ ಕಣೇ. ಬೆಳಕು ಕಂಡ್ರೆ ಆಯ್ತು. ಬಲ್ಬಿಗೆ ಹಿಡಿದು ಹೊಡೆದ್ರೂ ಅಂಕ ಬೀಳುತ್ತೆ" ಅಂದು ನಕ್ಕರು. ಇದನ್ನು ಸಂತೆಯಲ್ಲಿ ಒಬ್ಬರ ಕಿವಿಗೆ ಹಾಕಿದರೆ ಸಾಕು, ಕೋವಿ ಆಟವೇ ಮೋಸ ಅಂತಾಗಿ ಭಾವ ತಲೆ ಎತ್ತಿ ಓಡಾಡುವ ಹಾಗಿರಲಿಲ್ಲ. ಆಮೇಲೆ ಈ ಹಲಗೆ ಮನೆಯೊಳಗೂ ಬರುತ್ತಿತ್ತು. ನಮ್ಮವರು ಯಾರಿಗೂ ಹೇಳಲಿಲ್ಲ. ರೇಡಿಯೋ ಸಾಮಾನಿನ ಡಬ್ಬಿಯಿಂದ ಹೊಸ ವೈರು ತೆಗೆದು, ಕಂಬದ ಹಿಂದೆ ಹೋಗಿ ನಿಲ್ಲುವಷ್ಟು ಉದ್ದ ಅಳೆದು ಬೆಸುಗೆ ಹಾಕಿದರು.

ಕೋವಿ ಬಂದ ದಾರಿಯಲ್ಲೇ ವಾಪಸು ಹೋಯಿತು. ಮರುದಿನ ಬುತ್ತಿ ತಗೊಂಡು ಹೋದಾಗ ಭಾವ ಕೋವಿ ಹಿಡಿದುಕೊಂಡು ನಮ್ಮ ಬಾಗಿಲ ಮುಂದೆಯೇ ನಿಂತಿದ್ದರು. ವೈರು ಹಲಗೆ ದಾಟಿ ಅಲ್ಲಿವರೆಗೂ ಬಂದಿತ್ತು. ನಮ್ಮವರು ಒಳಗೆ, ಕೈಗೆ ಸಿಗುವಷ್ಟು ಹತ್ತಿರ, ತಲೆ ತಗ್ಗಿಸಿ ಕೂತಿದ್ದರು. ಅಕ್ಕ ಇರಲಿಲ್ಲ. ಭಾವ ಗೋಡೆ ನೋಡುತ್ತಾ, "ವೈರು ಉದ್ದ ಆಯ್ತು ಅಂತ ಅವನಿಗೆ ಹೇಳಬೇಕಿತ್ತು" ಅಂದರು.

ಮದುವೆಯಾಗಿ ಬಂದಾಗಿನಿಂದ ಅವರ ಜೊತೆ ನಾನು ಒಂದು ಮಾತೂ ಆಡಿದವಳಲ್ಲ. ಬುತ್ತಿಯನ್ನು ಮೆಟ್ಟಿಲ ಮೇಲಿಟ್ಟೆ. "ನೀವೇ ಹೇಳಿ ಭಾವ. ನನಗೆ ಸಾಕಾಗಿದೆ."

ಬಸ್ಸೊಂದು ಹಾರ್ನ್ ಹಾಕಿಕೊಂಡು ಹೋಯಿತು. ಅದರ ಸದ್ದು ಅಡಗಿದ ಮೇಲೆ ಭಾವ, "ವೈರು ಉದ್ದ ಆಯ್ತಲ್ಲೋ" ಅಂದರು.

"ಇರ್ಲಿ ಬಿಡಣ್ಣ" ಅಂದರು ನಮ್ಮವರು.

ಅಷ್ಟೇ. ನಾನು ಮನೆಗೆ ಬಂದು ಚಾಪೆ ಹಾಸಿ ಮಲಗಿಬಿಟ್ಟೆ. ಯಾರಿಗೆ ಏನು ಹೇಳಬೇಕು ಅಂತ ಯಾರೂ ನನ್ನನ್ನು ಎಬ್ಬಿಸಲಿಲ್ಲ.