ಅವ್ವನ ರಕ್ತ ತೆಗೆದ ಸುನಂದಾ ಮೌಶಿ

ನಾನು ಹನ್ನೆರಡನೇ ತರಗತಿಯ ಪರೀಕ್ಷೆ ಬರೆದು ಮನೆಯಲ್ಲಿದ್ದ ಬೇಸಿಗೆ ಅದು. ಕಲಬುರಗಿ ಕಡೆಯವರಾದ ನಾವು ಪುಣೆಗೆ ಬಂದು ಬಹಳ ವರ್ಷಗಳಾಗಿದ್ದವು. ಅವ್ವ ಮಾರ್ಕೆಟ್ ಯಾರ್ಡಿನಲ್ಲಿ ಈರುಳ್ಳಿ ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಹಾಡು ಹೇಳಿಕೊಂಡು ದಿನವಿಡೀ ದುಡಿಯುತ್ತಿದ್ದವಳು ಆ ವರ್ಷ ಮನೆಯ ಮೆಟ್ಟಿಲು ಹತ್ತುವುದಕ್ಕೂ ಏದುಸಿರು ಬಿಡತೊಡಗಿದಳು. ಮುಖ ಬಿಳಿಚಿಕೊಂಡಿತ್ತು. ರಕ್ತ ಕಡಿಮೆ ಎಂದು ಕೊಟ್ಟ ಕಬ್ಬಿಣದ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದರೂ ಗುಣ ಕಾಣಲಿಲ್ಲ.

"ನನಗ ಊರಿಗಿ ಕಳಿಸಿಬಿಡ್ರಿ. ಏನಾಗೋದಿದ್ರೂ ಅಲ್ಲೇ ಆಗ್ಲಿ" ಎಂದು ಅಪ್ಪನಿಗೆ ಹೇಳಿದಳು. ಅಪ್ಪ ಹೋಗಿ ಬಸ್ಸಿನ ಟಿಕೆಟ್ ತಂದ.

ನನಗೆ ಮನಸ್ಸು ತಡೆಯಲಿಲ್ಲ. ಹೊರಡುವ ಮೊದಲು ಅವ್ವನನ್ನು ಪುಣೆಯ ಕ್ಯಾಂಪ್ ಬಡಾವಣೆಯಲ್ಲಿದ್ದ ಒಬ್ಬ ಡಾಕ್ಟರ ಬಳಿ ಕರೆದೊಯ್ದೆ. ರಕ್ತ ತಯಾರಿಸು ಎಂದು ಎಲುಬಿನ ಮಜ್ಜೆಗೆ ಹೇಳುವ ಹಾರ್ಮೋನು ಮೂತ್ರಪಿಂಡದಲ್ಲಿ ಹುಟ್ಟುತ್ತದೆ, ಎರಿಥ್ರೊಪೊಯೆಟಿನ್ ಅಂತ ಅದರ ಹೆಸರು, ಅದು ಎಷ್ಟಿದೆ ನೋಡೋಣ ಎಂದು ಅವರು ಮರಾಠಿಯಲ್ಲಿ ವಿವರಿಸಿದರು.

ಮರುದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಲ್ಯಾಬಿಗೆ ಹೋದೆವು. ಸೂಜಿ ಕಂಡದ್ದೇ ಅವ್ವ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಮೈಯಾಗ ರಕ್ತನೇ ಇಲ್ಲ ಅಂತೀರಿ. ಇದ್ದಷ್ಟೂ ನೀವೇ ತಗೊಂಡ್ರ ನಾ ಹ್ಯಾಂಗ ಬದುಕ್ಲಿ?"

ಇದನ್ನು ಮರಾಠಿಯಲ್ಲಿ ಹೇಗೆ ಹೇಳುವುದೆಂದು ನಾನು ನಾಚಿಕೊಂಡು ತಡವರಿಸುತ್ತಿದ್ದೆ. ರಕ್ತ ತೆಗೆಯಲು ಬಂದಿದ್ದ ಹೆಂಗಸು ಸೂಜಿ ಕೆಳಗಿಟ್ಟು ಅವ್ವನ ಪಕ್ಕ ಕುಳಿತರು.

"ಅಂಜಬ್ಯಾಡ್ರಿ ಅವ್ವಾ, ಒಂದೀಟೇ ತಗೋತೀನಿ" ಎಂದರು, ತಡೆತಡೆದು, ಕನ್ನಡದಲ್ಲಿ.

ಅವರ ಹೆಸರು ಸುನಂದಾ. ಸೊಲ್ಲಾಪುರದವರು. "ನಮ್ಮ ಅಜ್ಜಿ ಮನ್ಯಾಗ ಕನ್ನಡನೇ ಮಾತಾಡ್ತಿದ್ಲು. ಆಕಿ ಹೋದ ಮ್ಯಾಲ ನನ್ ಕೂಡ ಯಾರೂ ಮಾತಾಡೋರಿಲ್ಲ" ಎಂದರು.

"ಹಂಗಾದ್ರ ನನ್ ಕೂಡ ಮಾತಾಡು" ಎನ್ನುತ್ತ ಅವ್ವ ತಾನಾಗಿ ಕೈ ಚಾಚಿದಳು.

ವರದಿ ಬಂತು. ಹಾರ್ಮೋನು ತೀರ ಕಡಿಮೆಯಿತ್ತು, ಮೂತ್ರಪಿಂಡಗಳು ಸೋತಿದ್ದವು. ಅದೇ ಹಾರ್ಮೋನಿನ ಇಂಜೆಕ್ಷನ್ ವಾರಕ್ಕೊಮ್ಮೆ ಕೊಡಬೇಕೆಂದು ಡಾಕ್ಟರು ಹೇಳಿದರು. ಅವ್ವ ಊರಿಗೆ ಹೋಗಲಿಲ್ಲ.

ಸುನಂದಾ ಕೆಲಸ ಮುಗಿಸಿ ನಮ್ಮ ಮನೆಗೇ ಬಂದು ಇಂಜೆಕ್ಷನ್ ಕೊಡುತ್ತಿದ್ದರು. ನನಗೆ ಅವರು ಮೌಶಿ, ಅಂದರೆ ಚಿಕ್ಕಮ್ಮನೇ ಆಗಿಬಿಟ್ಟರು. ಅವ್ವ ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿ ಎದುರು ಕೂಡುತ್ತಿದ್ದಳು. ಮೌಶಿ ಮರೆತಿದ್ದ ಕನ್ನಡದ ಮಾತುಗಳನ್ನೆಲ್ಲ ಅವ್ವನಿಂದ ಕೇಳಿ ಕೇಳಿ ಕಲಿತರು. ಇಬ್ಬರೂ ನಗುವುದು ಓಣಿಯ ತುದಿಗೆ ಕೇಳುತ್ತಿತ್ತು. ದೀಪಾವಳಿ ಹೊತ್ತಿಗೆ ಅವ್ವ ಮತ್ತೆ ಯಾರ್ಡಿಗೆ ಹೋಗತೊಡಗಿದಳು.

ಆ ಮೇಲೆ ಅವ್ವ ನಮ್ಮೊಂದಿಗೆ ಎಷ್ಟೋ ವರ್ಷ ಇದ್ದಳು. ಈಗಿಲ್ಲ. ಮೌಶಿ ನಿವೃತ್ತರಾಗಿ ಸೊಲ್ಲಾಪುರ ಸೇರಿದ್ದಾರೆ. ಆಗಾಗ ಫೋನ್ ಮಾಡುತ್ತಾರೆ. "ಉಂಡಿಯೇನವ್ವಾ?" ಎಂದು ಕೇಳುವ ಆ ಎಳೆತ, ಆ ದನಿ, ಎಲ್ಲವೂ ನಮ್ಮವ್ವನದೇ. ನಾನು ಉಂಡಿದ್ದರೂ "ಇಲ್ಲ ಮೌಶಿ" ಎನ್ನುತ್ತೇನೆ. ಆಗ ಅವರು ಬೈಯುತ್ತಾರೆ. ಅವ್ವ ಬೈದಂತೆಯೇ ಬೈಯುತ್ತಾರೆ. ನಾನು ಸುಮ್ಮನೆ ಕೇಳಿಸಿಕೊಳ್ಳುತ್ತೇನೆ.